ಸಪ್ತಾಪುರದ ಸಮಾಜಶಾಸ್ತ್ರ ನೋಟ್ಸ್: ಅಂತಸ್ತಿನ ಪಾಠ ಗಟ್ಟಿ, ಸಮಾಜದ ಪ್ರಕಾರಗಳನ್ನು ತಿದ್ದಿಕೊಂಡು ಓದಬೇಕು

ಧಾರವಾಡದ ಸಪ್ತಾಪುರ ಭಾಗದ ಝೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಹಾಕಿದ ನೋಟ್ಸ್‌ಗಳಿಗೆ ಬರವಿಲ್ಲ. ಸಂವಿಧಾನ, ಇತಿಹಾಸ, ಮಾನಸಿಕ ಸಾಮರ್ಥ್ಯ ಎಷ್ಟು ಬೇಕಾದರೂ ಸಿಗುತ್ತವೆ. ಸಮಾಜಶಾಸ್ತ್ರವನ್ನು ಕನ್ನಡದಲ್ಲಿ, ಅದೂ ಅ-ಆ-ಇ-ಈ ಇಂದ ಶುರುಮಾಡುವವರಿಗೆಂದೇ ಬರೆದದ್ದು ಸಿಗುವುದು ಕಡಿಮೆ. ಈಗ ಅಲ್ಲಿ ಕೈಯಿಂದ ಕೈಗೆ ಓಡಾಡುತ್ತಿರುವ ಒಂದು ನೋಟ್ಸ್ ಆ ಕೊರತೆಯನ್ನು ಅರ್ಧದಷ್ಟು ತುಂಬುತ್ತದೆ. ಎ4 ಅಳತೆ, 132 ಪುಟ, ಬೆಲೆ ₹160. ಬರೆದವರ ಹೆಸರು ಎಲ್ಲಿಯೂ ಇಲ್ಲ. ಮೊದಲ 58 ಪುಟ ಸಾಮಾಜಿಕ ಅಂತಸ್ತು, ನಂತರದ 46 ಪುಟ ಸಮಾಜದ ಪ್ರಕಾರಗಳು, ಕೊನೆಯ 28 ಪುಟ ಪ್ರಶ್ನೆಕೋಶ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಳ್ಳಬಹುದು, ಕೊಳ್ಳಬೇಕು ಕೂಡ. ಆದರೆ ಕೈಯಲ್ಲಿ ಪೆನ್ಸಿಲ್ ಇರಬೇಕು. ಮೊದಲ ಭಾಗವನ್ನು ಬರೆದವರು ಈ ಸೀಮೆಯ ಹಳ್ಳಿ, ಬಸ್ಸು, ಕಚೇರಿಗಳನ್ನು ಕಣ್ಣಾರೆ ನೋಡಿ ಬರೆದಿದ್ದಾರೆ. ಎರಡನೆಯ ಭಾಗವನ್ನು ಯಾರೋ ಇಂಗ್ಲಿಷ್ ಪುಸ್ತಕ ಒಂದು ಕೈಯಲ್ಲಿ, ನಿಘಂಟು ಇನ್ನೊಂದು ಕೈಯಲ್ಲಿ ಹಿಡಿದು ಬರೆದಿದ್ದಾರೆ. ಎರಡೂ ಒಂದೇ ಕೈಯ ಬರಹ ಅಂತ ನಂಬುವುದು ಕಷ್ಟ.

ಅಂತಸ್ತಿನ ಪಾಠ ಶುರುವಾಗುವುದೇ ಸರಿಯಾದ ಜಾಗದಿಂದ. ಆಡುಮಾತಿನಲ್ಲಿ ಅಂತಸ್ತು ಅಂದರೆ ಮಾಳಿಗೆ, ಇಲ್ಲವೇ ದೊಡ್ಡಸ್ತಿಕೆ. "ನಮ್ಮ ಅಂತಸ್ತಿಗೆ ತಕ್ಕ ಸಂಬಂಧ" ಅಂತ ಮದುವೆ ಮಾತುಕತೆಯಲ್ಲಿ ಬರುತ್ತದಲ್ಲ, ಆ ಅರ್ಥ. ಇದನ್ನೇ ತಲೆಯಲ್ಲಿಟ್ಟುಕೊಂಡು ತರಗತಿಗೆ ಬಂದ ಹುಡುಗರು ಕೂಲಿಯವನಿಗೆ ಅಂತಸ್ತು ಇಲ್ಲ, ಗೌಡರಿಗೆ ಇದೆ ಅಂತ ಬರೆಯುತ್ತಾರೆ. ನೋಟ್ಸ್ ಇದನ್ನು ಮೊದಲ ಪುಟದಲ್ಲೇ ಬಿಡಿಸುತ್ತದೆ: ಶಾಸ್ತ್ರದಲ್ಲಿ ಅಂತಸ್ತು ಅಂದರೆ ಸಮಾಜದೊಳಗಿನ ಒಂದು ಸ್ಥಾನ ಅಷ್ಟೇ, ಅದು ಎಲ್ಲರಿಗೂ ಇರುತ್ತದೆ. ಮಗಳು, ಹಮಾಲ, ಬಾಡಿಗೆದಾರ, ಭಿಕ್ಷುಕ, ಕುಲಪತಿ, ಎಲ್ಲವೂ ಅಂತಸ್ತುಗಳೇ. ಆ ಸ್ಥಾನಕ್ಕೆ ಸಿಗುವ ಮರ್ಯಾದೆ ಬೇರೆ ಮಾತು. ಇಲ್ಲಿಯೇ ಕಿಂಗ್ಸ್ಲಿ ಡೇವಿಸ್ ಮಾಡಿದ ವ್ಯತ್ಯಾಸವನ್ನೂ ತಂದಿದ್ದಾರೆ. ಹುದ್ದೆಗೆ ಸಿಗುವುದು ಪ್ರತಿಷ್ಠೆ, ಆ ಹುದ್ದೆಯ ಕೆಲಸವನ್ನು ಚೆನ್ನಾಗಿ ಮಾಡಿದವರಿಗೆ ಸಿಗುವುದು ಮನ್ನಣೆ. ವೈದ್ಯರ ಹುದ್ದೆಗೆ ಪ್ರತಿಷ್ಠೆ ಹೆಚ್ಚು; ಸರಿಯಾಗಿ ನೋಡದ ವೈದ್ಯರಿಗೆ ಮನ್ನಣೆ ಕಡಿಮೆ. ಹಮಾಲಿ ಹುದ್ದೆಗೆ ಪ್ರತಿಷ್ಠೆ ಕಡಿಮೆ. ಒಂದು ಚೀಲವೂ ಹರಿಯದಂತೆ ಲಾರಿ ತುಂಬುವ ಹಮಾಲನಿಗೆ ಇಡೀ ಎಪಿಎಂಸಿಯಲ್ಲಿ ಮನ್ನಣೆ. ಎರಡು ಸಾಲಿನಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆ ನೋಟ್ಸ್‌ಗಳಲ್ಲಿ ಸಿಗುವುದಿಲ್ಲ.

ಆರೋಪಿತ ಮತ್ತು ಸಾಧಿತ ಅಂತಸ್ತುಗಳ ಪಾಠ ಈ ನೋಟ್ಸಿನ ಜೀವಾಳ. ಈ ವಿಂಗಡಣೆಯನ್ನು 1936ರಲ್ಲಿ ಮಾಡಿಕೊಟ್ಟವರು ರಾಲ್ಫ್ ಲಿಂಟನ್. ಸ್ಥಾನ ಅಂದರೆ ಅಂತಸ್ತು, ಆ ಸ್ಥಾನಕ್ಕೆ ತಕ್ಕಂತೆ ನಡೆದುಕೊಳ್ಳುವುದು ಪಾತ್ರ ಅಂತ ಹೇಳಿಕೊಟ್ಟವರೂ ಅವರೇ. ಸಾಮಾನ್ಯವಾಗಿ ನೋಟ್ಸ್‌ಗಳು "ಆರೋಪಿತ ಎಂದರೆ ಹುಟ್ಟಿನಿಂದ ಬಂದದ್ದು, ಸಾಧಿತ ಎಂದರೆ ಗಳಿಸಿದ್ದು" ಅಂತ ಬರೆದು ಎರಡು ಪಟ್ಟಿ ಹಾಕಿ ಮುಗಿಸುತ್ತವೆ. ಕೆಲವು ಪುಸ್ತಕಗಳಲ್ಲಿ "ಜನ್ಮದತ್ತ ಅಂತಸ್ತು" ಅಂತಲೇ ಇದೆ. ಅಲ್ಲೇ ಎಡವುವುದು. ವಿಧವೆಯ ಅಂತಸ್ತು ಹುಟ್ಟಿನಿಂದ ಬರುವುದಿಲ್ಲ, ಯಾರೂ ಅದನ್ನು ಗಳಿಸುವುದೂ ಇಲ್ಲ. 60 ತುಂಬಿದವರಿಗೆ ಹಿರಿಯ ನಾಗರಿಕ ಅನ್ನುವ ಅಂತಸ್ತು ತಾನಾಗಿ ಬಂದು ಕೂರುತ್ತದೆ. ಎರಡೂ ಆರೋಪಿತವೇ, ಎರಡೂ ಜನ್ಮದತ್ತ ಅಲ್ಲ. ವ್ಯಕ್ತಿಯ ಪ್ರಯತ್ನ, ಇಚ್ಛೆ ಎರಡನ್ನೂ ಕೇಳದೆ ಸಮಾಜ ಹೊರಿಸಿದ್ದು ಆರೋಪಿತ. ನೋಟ್ಸ್ ಈ ಪದವನ್ನೇ ಹಿಡಿದದ್ದು ಸರಿಯಾಗಿದೆ.

ಗುರುತಿಸಲು ಮೂರು ಪ್ರಶ್ನೆ ಕೊಟ್ಟಿದ್ದಾರೆ, ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳುವಂಥವು. ಈ ಸ್ಥಾನ ಸಿಗುವ ಮೊದಲು ವ್ಯಕ್ತಿ ಏನಾದರೂ ಮಾಡಬೇಕಿತ್ತೇ? ಬೇಡ ಅಂದರೆ ಬಿಟ್ಟುಬಿಡಲು ಸಾಧ್ಯವೇ? ಅದೇ ಸ್ಥಾನಕ್ಕೆ ಬರಲು ಬೇರೆಯವರಿಗೆ ಬಾಗಿಲು ತೆರೆದಿತ್ತೇ? ಮೊದಲೆರಡಕ್ಕೆ ಹೌದು ಅಂದರೆ ಸಾಧಿತ. ಮೂರನೆಯದಕ್ಕೆ ಇಲ್ಲ ಅಂದರೆ, ಹೆಸರಿಗೆ ಸಾಧಿತವಾದರೂ ಒಳಗೆ ಆರೋಪಿತದ ಬೇರು ಇದೆ ಅಂತ ಅರ್ಥ. ಈ ಮೂರನೆಯ ಪ್ರಶ್ನೆ ಬಹಳ ಮುಖ್ಯ. ಪಿಯು ಪರೀಕ್ಷೆಯ ಎರಡು ಅಂಕದ ಉತ್ತರಕ್ಕೆ ಮೊದಲೆರಡು ಸಾಕು. ಸಹಾಯಕ ಪ್ರಾಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ, ಯುಪಿಎಸ್‌ಸಿ ಐಚ್ಛಿಕ ವಿಷಯಕ್ಕೆ ಓದುವವರು ಮೂರನೆಯದನ್ನು ಬಿಟ್ಟರೆ ಉತ್ತರ ಮೇಲುಮೇಲಕ್ಕೇ ನಿಲ್ಲುತ್ತದೆ.

ಇದಕ್ಕೆ ಕೊಟ್ಟ ಉದಾಹರಣೆ ಅಪ್ಪಟ ನಮ್ಮ ಕಡೆಯದು: ಗೌಡಕಿ ಮತ್ತು ಕುಲಕರ್ಣಿಕಿ. ಊರಿನ ಲೆಕ್ಕ ಬರೆಯುವ ಕುಲಕರ್ಣಿಕಿ ಒಂದು ಕಾಲಕ್ಕೆ ವತನ, ಅಂದರೆ ವಂಶಪಾರಂಪರ್ಯವಾಗಿ ಬರುವ ಹುದ್ದೆ. ಮಗ ಹುಟ್ಟಿದ ದಿನವೇ ಮುಂದಿನ ಕುಲಕರ್ಣಿ ಯಾರೆಂದು ತೀರ್ಮಾನವಾಗಿರುತ್ತಿತ್ತು. ಇವತ್ತು ಅದೇ ದಫ್ತರದ ಕೆಲಸ ಮಾಡುವ ಗ್ರಾಮ ಲೆಕ್ಕಿಗರು, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತಾಧಿಕಾರಿ, ಅರ್ಜಿ ಹಾಕಿ ಆಯ್ಕೆಯಾಗಿ ಬರುತ್ತಾರೆ. ಪಾತ್ರ ಹೆಚ್ಚುಕಡಿಮೆ ಅದೇ, ಅಲ್ಲಿಗೆ ತಲುಪುವ ದಾರಿ ಪೂರ್ತಿ ಬೇರೆ. ಅಂತಸ್ತು ಆರೋಪಿತದಿಂದ ಸಾಧಿತಕ್ಕೆ ಸರಿಯುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗಲಾರದು. ಪಾಟೀಲ, ಕುಲಕರ್ಣಿ, ದೇಸಾಯಿ, ತಳವಾರ, ಬಡಿಗೇರ, ಪತ್ತಾರ ಅನ್ನುವ ಅಡ್ಡಹೆಸರುಗಳಲ್ಲಿ ಹಳೆಯ ಆರೋಪಿತ ಅಂತಸ್ತು ಇನ್ನೂ ಉಳಿದಿದೆ ಅಂತಲೂ ಸೇರಿಸಿದ್ದಾರೆ. ತರಗತಿಯ ಹಾಜರಿ ಪುಸ್ತಕ ತೆಗೆದರೆ ಅರ್ಧ ಪಾಠ ಅಲ್ಲೇ ಇರುತ್ತದೆ.

ಆದರೆ ಇಲ್ಲೊಂದು ತಪ್ಪಿದೆ, ತಿದ್ದಿಕೊಳ್ಳಿ. ಎರಡೂ ಹುದ್ದೆಗಳು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದವು ಅಂತ ಪುಟ 19ರಲ್ಲಿ ಬರೆದಿದ್ದಾರೆ. ಹಳೆಯ ಮೈಸೂರಿನ ಮಟ್ಟಿಗೆ, ಅಲ್ಲಿ ಕುಲಕರ್ಣಿಕಿಯ ಜಾಗದಲ್ಲಿದ್ದ ಶಾನಭೋಗಿಕೆಗೆ, ಅದು ಸರಿ. ಧಾರವಾಡ ಸೀಮೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿ ಕುಲಕರ್ಣಿ ವತನವನ್ನು 1950ರ ಮುಂಬಯಿ ಕಾಯ್ದೆಯೇ ಮುಗಿಸಿತ್ತು. ಗೌಡಕಿಯೂ (ಪಾಟೀಲಕಿ) ಸೇರಿ ಉಳಿದ ಹುದ್ದೆಗಳಿಗೆ ಕೊನೆ ಹೇಳಿದ್ದು 1961ರ ಕಾಯ್ದೆ. ಸಣ್ಣ ವಿಷಯದಂತೆ ಕಾಣುತ್ತದೆ. ಧಾರವಾಡದಲ್ಲಿ ಮಾರುವ ಪುಸ್ತಕದಲ್ಲಿ ಧಾರವಾಡದ್ದೇ ತಪ್ಪಿರಬಾರದು.

ಇದೇ ಭಾಗದಲ್ಲಿ ಆಯಗಾರರ ಬಗ್ಗೆ ಎರಡು ಪುಟ ಇದೆ. ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ಕ್ಷೌರಿಕ ವರ್ಷವಿಡೀ ರೈತನ ಮನೆಯ ಕೆಲಸ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣದಿಂದ ಆಯ ಅಂತ ಕಾಳು ಒಯ್ಯುವುದು. ಉತ್ತರ ಭಾರತದ ಜಜಮಾನಿ ಪದ್ಧತಿಯನ್ನು ವಿಲಿಯಂ ವೈಸರ್ 1936ರಲ್ಲಿ ವಿವರಿಸಿದರು. ನಮ್ಮ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ, ಅಜ್ಜನ ಮನೆಯ ಕಣದಲ್ಲಿ ನಡೆಯುತ್ತಿದ್ದದ್ದೂ ಅದೇ ಬಗೆಯದು ಅಂತ ಗೊತ್ತಾಗುವುದಿಲ್ಲ. ನೋಟ್ಸ್ ಎರಡನ್ನೂ ಒಟ್ಟಿಗೆ ಇಟ್ಟಿದೆ. ಆದರೆ ಆಯ ಪದ್ಧತಿಯನ್ನು ಬರೀ ಹೊಂದಾಣಿಕೆಯ ಕಥೆಯಾಗಿ ಹೇಳಿದ್ದು ಸಾಲದು. ಎಷ್ಟು ಕಾಳು ಅಂತ ನಿರ್ಧರಿಸುವವನು ಭೂಮಿ ಇದ್ದವನು. ಕೆಲಸ ಬಿಡುತ್ತೇನೆ ಅನ್ನುವ ಮಾತು ಆಯಗಾರನಿಗೆ ಸುಲಭವಿರಲಿಲ್ಲ. ಇದನ್ನು ಅಂಚಿನಲ್ಲಿ ಬರೆದುಕೊಳ್ಳಿ.

ಪುಟ 24ರಲ್ಲಿ ಅನುವಾದದ ಒಂದು ಎಡವಟ್ಟು. ಎವೆರೆಟ್ ಹ್ಯೂಸ್ 1945ರಲ್ಲಿ ಹೇಳಿದ ಮಾಸ್ಟರ್ ಸ್ಟೇಟಸ್ ಅನ್ನು "ಯಜಮಾನ ಅಂತಸ್ತು" ಮಾಡಿದ್ದಾರೆ. ನಮ್ಮಲ್ಲಿ ಯಜಮಾನ ಅಂದರೆ ಮನೆಯ ಹಿರಿಯ, ಇಲ್ಲವೇ ಗಂಡ. ಓದಿದವರು ಅಪ್ಪನ ಅಂತಸ್ತು ಅಂದುಕೊಳ್ಳುತ್ತಾರೆ. "ಪ್ರಧಾನ ಅಂತಸ್ತು" ಅಂತ ತಿದ್ದಿಕೊಳ್ಳಿ: ಒಬ್ಬರಿಗೆ ಇರುವ ಹಲವು ಅಂತಸ್ತುಗಳಲ್ಲಿ ಉಳಿದೆಲ್ಲವನ್ನೂ ಮುಚ್ಚಿ ಎದ್ದು ಕಾಣುವಂಥದ್ದು. ಹ್ಯೂಸ್ ಕೊಟ್ಟದ್ದು ಅಮೆರಿಕದ ಕಪ್ಪು ವೈದ್ಯನ ಉದಾಹರಣೆ. ರೋಗಿಗೆ ಮೊದಲು ಕಾಣುವುದು ಬಣ್ಣವೋ ಪದವಿಯೋ ಅನ್ನುವ ಪ್ರಶ್ನೆ. ನಮ್ಮಲ್ಲಿ ಆ ಜಾಗದಲ್ಲಿ ಜಾತಿ ಕೂತಿದೆ, ಬಹಳ ಸಲ ಹೆಣ್ಣು ಅನ್ನುವುದೂ ಕೂತಿದೆ.

ಈ ಪುಟದಲ್ಲಿ ಇರಲೇಬೇಕಿದ್ದ, ಆದರೆ ಇಲ್ಲದ ಉದಾಹರಣೆ ಒಂದಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಆರೋಪಿತ ಅಂದಾಕ್ಷಣ ವಿದ್ಯಾರ್ಥಿಗಳಿಗೆ ಪೊಲೀಸ್ ಠಾಣೆಯ ಆರೋಪಿ ನೆನಪಾಗುತ್ತಾನೆ, ಶಿಕ್ಷಕರು ಆ ಅರ್ಥ ಅಲ್ಲ ಅಂತ ತಿದ್ದುತ್ತಾರೆ. ಈ ಕಾಯ್ದೆಯಲ್ಲಿ ಎರಡು ಅರ್ಥವೂ ಒಂದಾಗಿಬಿಟ್ಟವು. ಯಾವ ತಪ್ಪೂ ಮಾಡದ ಕೂಸು, ಪಟ್ಟಿಯಲ್ಲಿದ್ದ ಸಮುದಾಯದಲ್ಲಿ ಹುಟ್ಟಿದ್ದಕ್ಕೇ ಅಪರಾಧಿ. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಸೆಟ್ಲಮೆಂಟ್ ಅನ್ನುವ ಹೆಸರು ಉಳಿದದ್ದು ಈ ಸಮುದಾಯಗಳನ್ನು ಕಾವಲಿನಲ್ಲಿಟ್ಟ ಆ ಕಾಲದ ವಸಾಹತುಗಳಿಂದ. ಕಾಯ್ದೆ ರದ್ದಾಗಿ 1952ರಲ್ಲಿ ದೇಶದಾದ್ಯಂತ ಆ ಪಟ್ಟಿಯಿಂದ ಈ ಸಮುದಾಯಗಳು ಹೊರಬಂದವು. ಕಾಗದದಲ್ಲಿ ಹೋದ ಅಂತಸ್ತು ಜನರ ಮಾತಿನಿಂದ ಹೋಗಲು ಎಷ್ಟು ಕಾಲ ಬೇಕು ಅನ್ನುವುದೇ ಪ್ರಧಾನ ಅಂತಸ್ತಿನ ಪಾಠ. ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಬರೆದ ನೋಟ್ಸ್ ಇದನ್ನು ಬಿಟ್ಟದ್ದು ನಿಜಕ್ಕೂ ನೋವಿನ ಸಂಗತಿ. ಮುಂದಿನ ಮುದ್ರಣದಲ್ಲಿ ಒಂದು ಪುಟವನ್ನಾದರೂ ಇದಕ್ಕೆ ಕೊಡಲಿ.

ಪಾತ್ರಗಳ ಭಾಗ ಮತ್ತೆ ಚೆನ್ನಾಗಿದೆ. ಅಂತಸ್ತು ಸಮೂಹ ಮತ್ತು ಪಾತ್ರ ಸಮೂಹ, ಈ ಎರಡನ್ನು ಅದಲುಬದಲು ಮಾಡದ ವಿದ್ಯಾರ್ಥಿ ಅಪರೂಪ. ಒಬ್ಬ ವ್ಯಕ್ತಿಯ ಎಲ್ಲ ಅಂತಸ್ತುಗಳು ಸೇರಿದರೆ ಅಂತಸ್ತು ಸಮೂಹ. ಒಂದೇ ಅಂತಸ್ತಿನಿಂದ ಹಲವರೊಡನೆ ಹಲವು ಬಗೆಯಲ್ಲಿ ನಡೆದುಕೊಳ್ಳಬೇಕಾದರೆ ಪಾತ್ರ ಸಮೂಹ. ಎರಡನೆಯದನ್ನು 1957ರಲ್ಲಿ ಬಿಡಿಸಿ ಹೇಳಿದವರು ರಾಬರ್ಟ್ ಮರ್ಟನ್. ನೋಟ್ಸ್ ಅಂಗನವಾಡಿ ಕಾರ್ಯಕರ್ತೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದೆ. ಆಕೆ ತಾಯಿ, ಸೊಸೆ, ಸ್ವಸಹಾಯ ಸಂಘದ ಸದಸ್ಯೆ, ಕಾರ್ಯಕರ್ತೆ: ಇದು ಅಂತಸ್ತು ಸಮೂಹ. ಕಾರ್ಯಕರ್ತೆಯಾಗಿ ಮಕ್ಕಳೊಡನೆ ಒಂದು ರೀತಿ, ತಾಯಂದಿರೊಡನೆ ಇನ್ನೊಂದು, ಸಹಾಯಕಿಯೊಡನೆ, ಮೇಲ್ವಿಚಾರಕಿಯೊಡನೆ, ಪಂಚಾಯಿತಿ ಸದಸ್ಯರೊಡನೆ ಮತ್ತೊಂದು: ಇದು ಪಾತ್ರ ಸಮೂಹ. ಚಿತ್ರ ಬರೆದುಕೊಳ್ಳುವವರು ಮೊದಲನೆಯದರಲ್ಲಿ ನಡುವೆ ವ್ಯಕ್ತಿಯನ್ನಿಡಬೇಕು, ಎರಡನೆಯದರಲ್ಲಿ ನಡುವೆ ಅಂತಸ್ತನ್ನಿಡಬೇಕು. ನಡುವಿನ ವೃತ್ತದಲ್ಲಿ ಏನಿದೆ ಅನ್ನುವುದೇ ವ್ಯತ್ಯಾಸ.

ಪಾತ್ರ ಸಂಘರ್ಷ, ಪಾತ್ರ ಒತ್ತಡಗಳಿಗೆ ಕೊಟ್ಟದ್ದು ವಾಯವ್ಯ ಸಾರಿಗೆ ಬಸ್ಸಿನ ಕಂಡಕ್ಟರ್ ಉದಾಹರಣೆ. ಸೋದರಮಾವ ಬಸ್ ಹತ್ತಿ ಟಿಕೆಟ್ ತೆಗೆಸದೆ ಕೂತರೆ ಅಳಿಯ ಅನ್ನುವ ಅಂತಸ್ತು, ಕಂಡಕ್ಟರ್ ಅನ್ನುವ ಅಂತಸ್ತು ಜಗಳಕ್ಕೆ ನಿಲ್ಲುತ್ತವೆ. ಇದು ಸಂಘರ್ಷ, ಎರಡು ಅಂತಸ್ತುಗಳ ನಡುವಿನದು. ಹೊತ್ತಿಗೆ ಸರಿಯಾಗಿ ಗದಗ ಮುಟ್ಟಬೇಕು, ದಾರಿಯಲ್ಲಿ ಕೈಮಾಡಿದವರನ್ನೆಲ್ಲ ಹತ್ತಿಸಿಕೊಳ್ಳಬೇಕು, ಎಲ್ಲರಿಗೂ, ಶಕ್ತಿ ಯೋಜನೆಯ ಹೆಣ್ಣುಮಕ್ಕಳಿಗೂ, ಟಿಕೆಟ್ ಹರಿದು ಕೊಡಬೇಕು. ಮೂರೂ ಕಂಡಕ್ಟರನ ಕೆಲಸವೇ, ಮೂರೂ ಒಟ್ಟಿಗೆ ಆಗುವುದಿಲ್ಲ. ಇದು ಒತ್ತಡ, ಒಂದೇ ಅಂತಸ್ತಿನ ಒಳಗಿನದು. ವಿಲಿಯಂ ಗೂಡ್ 1960ರಲ್ಲಿ ಹೇಳಿದ್ದು ಇದನ್ನೇ. ಇಂಥ ಉದಾಹರಣೆ ಒಮ್ಮೆ ಓದಿದರೆ ಪರೀಕ್ಷೆಯ ದಿನ ಮರೆಯುವುದಿಲ್ಲ.

ಸಮಾಜಶಾಸ್ತ್ರಜ್ಞರಾದ ಮ್ಯಾಕ್ಸ್ ವೆಬರ್, ಗೆರ್ಹಾರ್ಡ್ ಲೆನ್ಸ್ಕಿ ಬಗ್ಗೆ ಇರುವ ನಾಲ್ಕು ಪುಟ ಸಾಧಾರಣ. ವರ್ಗ, ಅಂತಸ್ತು, ಪಕ್ಷ ಅನ್ನುವ ಮೂರು ಬೇರೆ ಬೇರೆ ನೆಲೆ ಅಂತ ವೆಬರ್ ಹೇಳಿದ್ದನ್ನು ಸರಿಯಾಗಿ ಕೊಟ್ಟಿದ್ದಾರೆ, ಅಷ್ಟೇ. ಎಂ.ಎನ್. ಶ್ರೀನಿವಾಸರ ಸಂಸ್ಕೃತೀಕರಣವನ್ನು ಇಲ್ಲಿ ತಂದು ಜೋಡಿಸಿದ್ದು ಮಾತ್ರ ಒಳ್ಳೆಯ ಬುದ್ಧಿ. ಜಾತಿ ವ್ಯಕ್ತಿಗೆ ಆರೋಪಿತ, ಬದಲಾಗದು. ಆದರೆ ಒಂದು ಜಾತಿ ಗುಂಪಾಗಿ, ಒಂದೆರಡು ತಲೆಮಾರಿನಲ್ಲಿ, ಆಚಾರ ಬದಲಿಸಿ ಮೇಲಿನ ಸ್ಥಾನ ಕೇಳಬಹುದು. ಆರೋಪಿತ ಅಂತಸ್ತು ಕಲ್ಲಲ್ಲ ಅಂತ ತೋರಿಸಲು ಇದು ಬೇಕೇ ಬೇಕು. ಇಲ್ಲಿ ಶ್ರೀನಿವಾಸರು ಅಧ್ಯಯನ ಮಾಡಿದ ಮೈಸೂರು ಕಡೆಯ ರಾಂಪುರದ ಜೊತೆಗೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಕೆ. ಈಶ್ವರನ್ ಅಧ್ಯಯನ ಮಾಡಿದ ಧಾರವಾಡ ಸೀಮೆಯ ಹಳ್ಳಿಯನ್ನೂ ಹೇಳಬಹುದಿತ್ತು.

ಇನ್ನು ಎರಡನೆಯ ಭಾಗ, ಪುಟ 59ರಿಂದ 104. ಇಲ್ಲಿ ತೊಂದರೆಗಳು ಒಂದರ ಹಿಂದೆ ಒಂದು ಬರುತ್ತವೆ, ಹೆಚ್ಚಿನವು ಪದಗಳಿಂದ ಹುಟ್ಟಿದವು.

ಅತಿ ದೊಡ್ಡದು ಪುಟ 68ರದ್ದು. ಹಾರ್ಟಿಕಲ್ಚರಲ್ ಸೊಸೈಟಿ ಅನ್ನುವುದನ್ನು "ತೋಟಗಾರಿಕಾ ಸಮಾಜ" ಅಂತ ಇಳಿಸಿದ್ದಾರೆ. ನಿಘಂಟಿನ ಪ್ರಕಾರ ಸರಿ, ವಿಷಯದ ಪ್ರಕಾರ ಪೂರ್ತಿ ತಪ್ಪು. ಹಾವೇರಿ, ಧಾರವಾಡದ ವಿದ್ಯಾರ್ಥಿಗೆ ತೋಟಗಾರಿಕೆ ಅಂದರೆ ತೋಟಗಾರಿಕೆ ಇಲಾಖೆ, ಹನಿ ನೀರಾವರಿ, ಆಪೂಸ್ ಮಾವು, ಅಡಿಕೆ, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ಹಾಗಾಗಿ ಉತ್ತರಪತ್ರಿಕೆಯಲ್ಲಿ "ತೋಟಗಾರಿಕಾ ಸಮಾಜವು ಕೃಷಿ ಸಮಾಜಕ್ಕಿಂತ ಮುಂದುವರಿದದ್ದು, ಲಾಭದಾಯಕ" ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಶಾಸ್ತ್ರದಲ್ಲಿ ಇದು ನೇಗಿಲಿಗಿಂತ ಹಿಂದಿನ ಘಟ್ಟ. ಅಗೆಯುವ ಕೋಲು, ಗುದ್ದಲಿಯಿಂದ ಸಣ್ಣ ತುಂಡು ನೆಲ ಕೆದಕಿ ಬಿತ್ತುವುದು, ಸಾರ ಮುಗಿದ ಮೇಲೆ ಜಾಗ ಬದಲಿಸುವುದು. ಅದಕ್ಕೆ ನಮ್ಮಲ್ಲೇ ಹತ್ತಿರದ ಪದವಿದೆ: ಕುಮರಿ ಬೇಸಾಯ. ಹಳಿಯಾಳ, ಯಲ್ಲಾಪುರ ಕಡೆಯ ಕಾಡಿನಲ್ಲಿ ಮರ ಕಡಿದು, ಸುಟ್ಟು, ಬೂದಿಯ ಮೇಲೆ ಬಿತ್ತುತ್ತಿದ್ದ ಪದ್ಧತಿ. ಪುಟ 68ರಿಂದ 74ರವರೆಗೆ "ತೋಟಗಾರಿಕಾ" ಇರುವ ಕಡೆಯೆಲ್ಲ ಹೊಡೆದುಹಾಕಿ "ಗುದ್ದಲಿ ಬೇಸಾಯದ ಸಮಾಜ" ಅಂತ ಬರೆಯಿರಿ. ಪ್ರಶ್ನೆಪತ್ರಿಕೆಯಲ್ಲಿ ತೋಟಗಾರಿಕಾ ಅಂತಲೇ ಬಂದರೆ ಗಾಬರಿಯಾಗಬೇಡಿ, ಮೊದಲ ಸಾಲಿನಲ್ಲೇ "ನೇಗಿಲು ಬಳಸದ, ಕೈ ಉಪಕರಣದ ಬೇಸಾಯ" ಅಂತ ಸ್ಪಷ್ಟಪಡಿಸಿ ಮುಂದೆ ಹೋಗಿ.

ಇದಾದ ಮೇಲೆ ಕೃಷಿ ಸಮಾಜ ತಾನಾಗಿ ತಿಳಿಯುತ್ತದೆ. ಎತ್ತು ಕಟ್ಟಿ ರಂಟಿ ಹೊಡೆದ ದಿನದಿಂದ ಲೆಕ್ಕ ಬೇರೆ. ಒಂದೇ ನೆಲವನ್ನು ವರ್ಷವರ್ಷ ಉಳಬಹುದು, ತಿನ್ನುವುದಕ್ಕಿಂತ ಹೆಚ್ಚು ಬೆಳೆಯಬಹುದು. ಆ ಹೆಚ್ಚುವರಿ ಕಾಳು ಯಾರ ಹಗೇವಿಗೆ ಹೋಗುತ್ತದೆ ಅನ್ನುವುದರಿಂದ ರಾಜ, ಸೈನ್ಯ, ಪುರೋಹಿತ, ಕರಣಿಕ, ಪಟ್ಟಣ ಎಲ್ಲ ಹುಟ್ಟುತ್ತವೆ. ಸಮಾಜಗಳನ್ನು ಲೆನ್ಸ್ಕಿ ಮಾಡಿದ ವರ್ಗೀಕರಣದ ಒಳಗುಟ್ಟು ಇದೇ: ಉಪಕರಣ ಬದಲಾದರೆ ಹೆಚ್ಚುವರಿ ಬದಲಾಗುತ್ತದೆ, ಹೆಚ್ಚುವರಿ ಬದಲಾದರೆ ಅಸಮಾನತೆ ಬದಲಾಗುತ್ತದೆ. ನೋಟ್ಸ್ ಆರು ಸಮಾಜಗಳಿಗೆ (ಬೇಟೆ-ಸಂಗ್ರಹಣೆ, ಪಶುಪಾಲನೆ, ಗುದ್ದಲಿ ಬೇಸಾಯ, ಕೃಷಿ, ಕೈಗಾರಿಕೆ, ಕೈಗಾರಿಕೋತ್ತರ) ಆರು ಲಕ್ಷಣಪಟ್ಟಿ ಕೊಟ್ಟಿದೆ, ಈ ಸರಪಳಿಯನ್ನು ಮಾತ್ರ ಎಲ್ಲಿಯೂ ಹೇಳಿಲ್ಲ. ಸರಪಳಿ ಹಿಡಿದರೆ ಪಟ್ಟಿ ಬಾಯಿಪಾಠ ಮಾಡುವ ಕೆಲಸವೇ ಇಲ್ಲ. ಬೇಟೆ-ಸಂಗ್ರಹಣೆಯ ಗುಂಪಿನಲ್ಲಿ ಕೂಡಿಡಲು ಏನೂ ಇರುವುದಿಲ್ಲ, ಹಾಗಾಗಿ ಹಂಚಿಕೊಳ್ಳುತ್ತಾರೆ, ಹಾಗಾಗಿ ಅಸಮಾನತೆ ಕಡಿಮೆ, ಹಾಗಾಗಿ ಅಂತಸ್ತುಗಳೂ ಬೆರಳೆಣಿಕೆ: ವಯಸ್ಸು, ಲಿಂಗ, ನೆಂಟಸ್ತಿಕೆ. ಕೃಷಿ ಸಮಾಜದಲ್ಲಿ ಕೂಡಿಟ್ಟ ಕಾಳು ಮಗನಿಗೆ ಹೋಗುತ್ತದೆ, ಅದರ ಜೊತೆ ಸ್ಥಾನವೂ ಹೋಗುತ್ತದೆ, ಆರೋಪಿತ ಅಂತಸ್ತು ಗಟ್ಟಿಯಾಗುವುದು ಇಲ್ಲಿ. ಕೈಗಾರಿಕೆಯಲ್ಲಿ ಯಂತ್ರ ಓಡಿಸಲು ಕಲಿತವನು ಬೇಕು, ಹುಟ್ಟಿದವನು ಸಾಲದು. ಸಾಧಿತಕ್ಕೆ ದಾರಿ ತೆರೆಯುತ್ತದೆ. ಮೊದಲ ಭಾಗಕ್ಕೂ ಎರಡನೆಯ ಭಾಗಕ್ಕೂ ಇರುವ ಕೊಂಡಿ ಇದು. 132 ಪುಟದಲ್ಲಿ ಈ ಕೊಂಡಿಗೆ ಒಂದು ಸಾಲೂ ಇಲ್ಲದಿರುವುದೇ ಈ ನೋಟ್ಸಿನ ನಿಜವಾದ ಕೊರತೆ.

ಪಶುಪಾಲನಾ ಸಮಾಜಕ್ಕೆ ಅರೇಬಿಯದ ಬೆದೂಯಿನರ ಉದಾಹರಣೆ ಕೊಟ್ಟು ಬಿಟ್ಟಿದ್ದಾರೆ. ಹಾವೇರಿ, ಗದಗ ಜಿಲ್ಲೆಗಳಲ್ಲಿ ಕುರಿ ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವ ಕುರುಬರು, ಕಲಘಟಗಿ ಕಾಡಂಚಿನಲ್ಲಿ ಎಮ್ಮೆ ಸಾಕುವ ದನಗರ ಗೌಳಿಗಳು ಕಣ್ಣೆದುರಿಗೇ ಇದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದರೆ ರೈತನಿಗೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೇ ದುಡ್ಡು. ಪಶುಪಾಲಕರು ಒಂಟಿಯಾಗಿ ಬದುಕುವುದಿಲ್ಲ, ಬೇಸಾಯಗಾರರ ಜೊತೆ ಕೊಡುಕೊಳ್ಳುವಿಕೆಯಲ್ಲೇ ಬದುಕುತ್ತಾರೆ ಅನ್ನುವ ಅಂಶ ಇದರಿಂದ ಸುಲಭವಾಗಿ ಬರುತ್ತದೆ. ಆದರೆ ಇಂಥ ಉದಾಹರಣೆ ಬರೆಯುವಾಗ ಎಚ್ಚರ ಬೇಕು. ಇವರು ಇವತ್ತಿನ ಪ್ರಜೆಗಳು. ರೇಷನ್ ಕಾರ್ಡ್, ಮೊಬೈಲ್, ಮತ ಎಲ್ಲ ಇದೆ. ಅವರ ಜೀವನೋಪಾಯದ ಕ್ರಮ ಉದಾಹರಣೆಯೇ ಹೊರತು ಅವರು ಹಿಂದಿನ ಕಾಲದ ಉಳಿಕೆ ಅಲ್ಲ. ಪುಟ 62ರಲ್ಲಿ ಜೇನುಕುರುಬರನ್ನು "ಇನ್ನೂ ಶಿಲಾಯುಗದಲ್ಲಿರುವವರು" ಅಂತ ಬರೆದದ್ದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ. ಆ ಸಾಲನ್ನು ಪೂರ್ತಿ ಹೊಡೆದುಹಾಕಿ.

ಡರ್ಕೈಮ್ ಪಾಠದಲ್ಲಿ ಮತ್ತೆ ಪದದ ಬಲೆ. 1893ರಲ್ಲಿ ಅವರು ಎರಡು ಬಗೆಯ ಐಕ್ಯ ಹೇಳಿದರು. ಯಾಂತ್ರಿಕ ಐಕ್ಯ ಸರಳ ಸಮಾಜದ್ದು, ಸಾವಯವ ಐಕ್ಯ ಆಧುನಿಕ ಸಮಾಜದ್ದು. ನಮ್ಮ ವಿದ್ಯಾರ್ಥಿಗಳಲ್ಲಿ ಇದು ತಿರುವುಮುರುವಾಗುವುದಕ್ಕೆ ಕಾರಣವಿದೆ. ಯಂತ್ರ ಅಂದಾಕ್ಷಣ ಕಾರ್ಖಾನೆ, ತಾರಿಹಾಳದ ಕೈಗಾರಿಕಾ ಪ್ರದೇಶ. ಸಾವಯವ ಅಂದಾಕ್ಷಣ ಸಾವಯವ ಕೃಷಿ, ಸಗಣಿ ಗೊಬ್ಬರ, ಹಳ್ಳಿ. ನೋಟ್ಸ್ ಎರಡು ಪದಗಳನ್ನು ವಿವರಿಸದೆ ಮುಂದೆ ಹೋಗಿದೆ, ಅದರ ಮೇಲೆ ಪುಟ 97ರ ಕೋಷ್ಟಕದಲ್ಲಿ ತಾನೇ ಅದಲುಬದಲು ಮಾಡಿದೆ. ಪದವನ್ನು ಬಿಡಿಸಿ ಓದಿದರೆ ಗೊಂದಲವಿಲ್ಲ. ಸಾವಯವ ಅಂದರೆ ಅವಯವಗಳಿಂದ ಕೂಡಿದ್ದು. ಕಣ್ಣು, ಕೈ, ಹೊಟ್ಟೆ ಬೇರೆ ಬೇರೆ ಕೆಲಸ ಮಾಡುತ್ತವೆ, ಅದಕ್ಕೇ ಒಂದನ್ನೊಂದು ಬಿಟ್ಟಿರಲಾರವು. ಶ್ರಮವಿಭಜನೆಯಿಂದ ಬರುವ ಒಗ್ಗಟ್ಟು ಅದು. ಯಾಂತ್ರಿಕದ್ದು ಕಲ್ಲಿನೊಳಗಿನ ಕಣಗಳ ಹಾಗೆ, ಎಲ್ಲವೂ ಒಂದೇ ಥರ, ಒಟ್ಟಿಗೇ ಚಲಿಸುತ್ತವೆ. ಎಲ್ಲರೂ ಒಂದೇ ನಂಬಿಕೆ, ಒಂದೇ ಕೆಲಸ ಇದ್ದಾಗಿನ ಒಗ್ಗಟ್ಟು.

ಟೋನಿಸ್ 1887ರಲ್ಲಿ ಮಾಡಿದ ಸಮುದಾಯ ಮತ್ತು ಸಂಘ ಅನ್ನುವ ವಿಂಗಡಣೆಗೆ ಇಲ್ಲಿ ಒಣ ವ್ಯಾಖ್ಯೆ ಮಾತ್ರ ಇದೆ. ಗದಗ ಜಿಲ್ಲೆಯ ಕಣಗಿನಹಾಳವನ್ನು ತೆಗೆದುಕೊಂಡಿದ್ದರೆ ಸಾಕಿತ್ತು. 1904ರ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಊರು ಸಮುದಾಯ: ಅಲ್ಲಿ ಹುಟ್ಟುತ್ತಾರೆ, ಒಬ್ಬರನ್ನೊಬ್ಬರು ಬಲ್ಲರು, ಸಂಬಂಧವೇ ಗುರಿ. ಪತ್ತಿನ ಸಂಘ ಸಂಘವೇ: ಶೇರು ಕೊಂಡು ಸೇರುತ್ತಾರೆ, ಲಿಖಿತ ನಿಯಮವಿದೆ, ಸಾಲ ಅನ್ನುವ ಗೊತ್ತಾದ ಉದ್ದೇಶವಿದೆ, ಬೇಡವಾದರೆ ಹೊರಬರಬಹುದು. ಎರಡೂ ಒಂದೇ ಊರಲ್ಲಿ, ಅದೇ ಜನರ ನಡುವೆ. ಹಳ್ಳಿ ಅಂದರೆ ಸಮುದಾಯ, ಪಟ್ಟಣ ಅಂದರೆ ಸಂಘ ಅನ್ನುವ ಸುಲಭದ ಸಮೀಕರಣ ಒಡೆಯುವುದಕ್ಕೆ ಇದಕ್ಕಿಂತ ಬೇರೆ ಬೇಡ.

ಹೆನ್ರಿ ಮೇನ್ 1861ರಲ್ಲಿ ಹೇಳಿದ "ಸ್ಟೇಟಸ್‌ನಿಂದ ಒಪ್ಪಂದದ ಕಡೆಗೆ" ಅನ್ನುವ ಮಾತನ್ನು ಅಂತಸ್ತಿನ ಪಾಠದೊಳಗೆ ತುರುಕಿದ್ದಾರೆ. ಮೇನ್ ಹೇಳಿದ ಸ್ಟೇಟಸ್ ಕುಟುಂಬದೊಳಗೆ ಹುಟ್ಟಿನಿಂದ ಬಂದ ಕಾನೂನಿನ ಸ್ಥಾನ. ಲಿಂಟನ್ ಹೇಳಿದ್ದು ಯಾವುದೇ ಸಾಮಾಜಿಕ ಸ್ಥಾನ. ಇಬ್ಬರ ನಡುವೆ 75 ವರ್ಷದ ಅಂತರವಿದೆ. ಆ ಪ್ಯಾರಾ ಸಮಾಜದ ಪ್ರಕಾರಗಳ ಪಾಠಕ್ಕೆ ಸೇರಬೇಕು. ಕೈಗಾರಿಕೋತ್ತರ ಸಮಾಜದ, ಅಂದರೆ ಕಾರ್ಖಾನೆಗಿಂತ ಸೇವೆ, ಜ್ಞಾನ ಮುಖ್ಯವಾದ ಸಮಾಜದ, ಎರಡು ಪುಟ, ಡೇನಿಯಲ್ ಬೆಲ್ 1973ರಲ್ಲಿ ಹೇಳಿದ್ದು, ಪರೀಕ್ಷೆಗೆ ಸಾಕಾಗುವಷ್ಟಿದೆ. ಯುಪಿಎಸ್‌ಸಿ ಓದುವವರಿಗೆ ಮಾತ್ರ ಈ ಭಾಗ ಸಾಲದು. ಮೊದಲ ಪತ್ರಿಕೆಯ ಪಠ್ಯಕ್ರಮದಲ್ಲಿ ಗುಲಾಮ, ಊಳಿಗಮಾನ್ಯ ಮತ್ತು ಕೈಗಾರಿಕಾ ಬಂಡವಾಳಶಾಹಿ ಸಮಾಜಗಳಲ್ಲಿ ದುಡಿಮೆಯ ಸಂಘಟನೆ ಅನ್ನುವ ಅಂಶವಿದೆ. ಮೊದಲ ಎರಡರ ಸುದ್ದಿಯೇ ಇಲ್ಲಿಲ್ಲ.

ಮುದ್ರಣದ ಬಗ್ಗೆ. ಕಡತವನ್ನು ನುಡಿ ತಂತ್ರಾಂಶದಿಂದ ಯುನಿಕೋಡ್‌ಗೆ ಪರಿವರ್ತಿಸುವಾಗ ಅಂಕಿಗಳ ನಡುವಿನ ಅಡ್ಡಗೆರೆಗಳು ಬಿದ್ದುಹೋಗಿವೆ. ಪುಟ 60ರಲ್ಲಿ ಬೇಟೆ-ಸಂಗ್ರಹಣೆ ಗುಂಪಿನ ಗಾತ್ರ "2550 ಜನ" ಅಂತ ಇದೆ, ಅದು 25–50. ಅರ್ಕಾವೊತ್ತು ಕೆಲವು ಕಡೆ ಅಕ್ಷರ ಬಿಟ್ಟು ಬೇರೆಡೆ ಕೂತಿದೆ. ಕೊಳ್ಳುವಾಗ ಮೂಲ ಕಡತದಿಂದ ತೆಗೆದ ಪ್ರಿಂಟ್ ಕೇಳಿ. ಝೆರಾಕ್ಸಿನ ಝೆರಾಕ್ಸ್ ಆದರೆ ಪುಟ 33ರ ಚಿತ್ರ ಬರೀ ಕರಿ ಮಸಿ. ಅಂಗಡಿಯಲ್ಲೇ ಪುಟ 41ರಿಂದ 48ರ ಕ್ರಮ ನೋಡಿಕೊಳ್ಳಿ, ಕೆಲವು ಪ್ರತಿಗಳಲ್ಲಿ ಹಿಂದುಮುಂದಾಗಿದೆ. ಹಾಳೆ ತೆಳು, ಶಾಯಿ ಪೆನ್ನು ಹಿಂದಕ್ಕೆ ಇಳಿಯುತ್ತದೆ.

ಓದುವ ಕ್ರಮ ಹೀಗಿದ್ದರೆ ಅನುಕೂಲ. ಮೊದಲ ದಿನ ಪುಟ 1ರಿಂದ 40 ಒಂದೇ ಓಟದಲ್ಲಿ ಓದಿ, ನಿಮ್ಮ ಓಣಿಯ ಹತ್ತು ಜನರ ಅಂತಸ್ತು ಸಮೂಹ ಬರೆದು ಮೂರು ಪ್ರಶ್ನೆ ಹಾಕಿ. ಎರಡನೆಯ ದಿನ ಓದಬೇಡಿ, ಮೇಲೆ ಹೇಳಿದ ತಿದ್ದುಪಡಿ ಮಾತ್ರ ಮಾಡಿ. ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಆರು ಸಮಾಜಗಳನ್ನು ಕೆಳಗೆ ಕೆಳಗೆ ಬರೆದು, ಎದುರಿಗೆ ಉಪಕರಣ, ಹೆಚ್ಚುವರಿ, ಅಸಮಾನತೆ, ಮುಖ್ಯ ಅಂತಸ್ತಿನ ಬಗೆ ಅಂತ ನಾಲ್ಕು ಮನೆ ಹಾಕಿ ತುಂಬಿ. 24 ಮನೆ ತುಂಬಿದರೆ ಎರಡು ಭಾಗವೂ ಒಂದಾಗುತ್ತವೆ.

ಪ್ರಶ್ನೆಕೋಶದಲ್ಲಿ 200 ವಸ್ತುನಿಷ್ಠ ಪ್ರಶ್ನೆಗಳಿವೆ. ಕೆ-ಸೆಟ್ ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಅಭ್ಯಾಸಕ್ಕೆ ಇವು ಚೆನ್ನಾಗಿವೆ. ಕೀ ಉತ್ತರಗಳಲ್ಲಿ ನಾಲ್ಕನ್ನು ಬದಲಿಸಿಕೊಳ್ಳಿ. 17ನೆಯದು, ವಯಸ್ಸು ಆರೋಪಿತ, ಸಾಧಿತ ಅಲ್ಲ. 52, ಪಾತ್ರ ಸಮೂಹ ಮರ್ಟನ್, ಲಿಂಟನ್ ಅಲ್ಲ. 118, ಸ್ಟೇಟಸ್‌ನಿಂದ ಒಪ್ಪಂದಕ್ಕೆ ಹೆನ್ರಿ ಮೇನ್, ವೆಬರ್ ಅಲ್ಲ. 143, ಸಾವಯವ ಐಕ್ಯ ಆಧುನಿಕ ಸಮಾಜದ್ದು.